ಹಿಂದೂಪುರದಲ್ಲಿ ಸತ್ತು ಕಲ್ಯಾಣದುರ್ಗದಲ್ಲಿ ಬದುಕಿದವರು

ಹಿಂದೂಪುರ, ಪರಿಗಿ, ಸೋಮಂದೇಪಲ್ಲಿ ಮತ್ತು ಕಲ್ಯಾಣದುರ್ಗದ ಸಮಸ್ತ ಮಹಾಜನರ ಅವಗಾಹನೆಗೆ ತರುವುದೇನೆಂದರೆ: ಸಾವಿರದ ಒಂಬೈನೂರ ತೊಂಬತ್ತೊಂದನೇ ಇಸವಿ ಮಾರ್ಚ್ ಇಪ್ಪತ್ತನಾಲ್ಕರ ಭಾನುವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ, ಸರಸ್ವತಮ್ಮನವರ ಹುಣಸೆಹಣ್ಣಿನ ಗೋದಾಮಿನಲ್ಲಿ, ವಯಸ್ಸಿಗೆ ಬಂದ ನಾಲ್ವರ ಸಮಕ್ಷಮದಲ್ಲಿ ಒಂದು ತಗಡಿನ ಟ್ರಂಕನ್ನು ತೆರೆಯಲಾಗಿ, ಅದರೊಳಗೆ ಏನೂ ಇರಲಿಲ್ಲ.

ಏನೂ ಅಂದರೆ, ಒಂದು ಜಿರಲೆ ಇತ್ತು. ಮುಚ್ಚಳ ಎದ್ದ ಕೂಡಲೇ ಅದೂ ಜಾಗ ಖಾಲಿ ಮಾಡಿತು.

"ಪುಸ್ತಕ ಎಲ್ಲಿ?" ಅಂದ ಪೋತಪ್ಪ.

ಬೈಲಪ್ಪ ಟ್ರಂಕಿನೊಳಗೆ ಕೈಯಾಡಿಸಿ ನೋಡಿದ — ಖಾಲಿ ಅನ್ನುವುದು ಕಣ್ಣಿಗೆ ಕಂಡರೆ ಸಾಲದು, ಕೈಗೂ ಸಿಗಬೇಕು ಅನ್ನುವವನಂತೆ. ಮಲ್ಲಿಕಾರ್ಜುನಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಈರಕ್ಕ ಸೆರಗಿನ ತುದಿ ಹಿಡಿದು ನಿಂತೇ ಇದ್ದಳು.

"ಮೂರು ಗಂಟೆ ಒಳ್ಗೆ ಸಿಗ್ದಿದ್ರೆ?" ಅಂದಳು.

"ಸಿಗ್ದಿದ್ರೆ ಒಪ್ಪಂದ ಹಾಳಾಯ್ತದೆ ಕಣಕ್ಕ," ಅಂದ ಪೋತಪ್ಪ. ಅವನ ದನಿ ಪೂರ್ತಿ ದುಃಖದ್ದಾಗಿರಲಿಲ್ಲ. ಅದು ಅವನಿಗೇ ಗೊತ್ತಾಗಿ ನಾಚಿಕೆಯಾಯಿತು.

ಏನು ಪುಸ್ತಕ, ಏನು ಒಪ್ಪಂದ ಅಂತ ಕೇಳುವವರಿಗೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪೋತಪ್ಪ ತನ್ನ ಅಕ್ಕ ಸರಸ್ವತಮ್ಮನ ಗೋದಾಮಿನಲ್ಲಿ ತೂಕದ ಚೀಟಿ ಬರೆಯುವವನು. ಎಂಟು ವರ್ಷದ ಹಿಂದೆ ಸ್ಕೂಲ್ ಮೇಷ್ಟ್ರು ಮಲ್ಲಿಕಾರ್ಜುನಪ್ಪ ಬೆಂಗಳೂರಿನ ಹಳೇ ಪುಸ್ತಕದಂಗಡಿಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ಕಂಡು ಕೊಂಡು ತಂದ. ಹೆಸರು 'ಏಳು ಕೋಟೆ' ಎಂಬರ್ಥದ್ದು. ಅದೊಂದು ಆಟ. ಬೋರ್ಡಿಲ್ಲ, ಕಾಯಿಲ್ಲ, ಕುಳಿತು ಕಥೆ ಕಟ್ಟುವುದೇ ಆಟ. ಒಬ್ಬ ಸೂತ್ರಧಾರ: "ಎದುರಿಗೆ ಗವಿ. ಒಳಗಿಂದ ಗೊರಕೆ ಕೇಳ್ತಿದೆ. ಏನ್ ಮಾಡ್ತೀರಾ?" ಅನ್ನುತ್ತಾನೆ. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರ. ಮಾಡುವುದನ್ನು ಹೇಳಬೇಕು, ದಾಳ ಹಾಕಬೇಕು, ಬಿದ್ದದ್ದನ್ನು ಅನುಭವಿಸಬೇಕು. ಪ್ರತಿ ಪಾತ್ರಕ್ಕೂ ಇಂತಿಷ್ಟು ಜೀವ ಅಂತ ಅಂಕ, ಏಟು ಬಿದ್ದಷ್ಟೂ ಇಳಿಯುತ್ತದೆ. ಪುಸ್ತಕ ಕೇಳುವ ಇಪ್ಪತ್ತು ಮುಖದ ದಾಳ ಹಿಂದೂಪುರದಲ್ಲೆಲ್ಲಿ? ಹುಣಸೆಬೀಜವನ್ನು ಒಂದು ಮಗ್ಗುಲು ನೆಲಕ್ಕೆ ತಿಕ್ಕಿ ಬೆಳ್ಳಗೆ ಮಾಡಿ, ಚೌಕಾಬಾರದಲ್ಲಿ ಎಸೆಯುವ ಹಾಗೆ ಎಸೆದರು. ಗೋದಾಮಿನಲ್ಲಿ ಬೀಜಕ್ಕೇನು ಬರ?

ಪೋತಪ್ಪನೇ ಸೂತ್ರಧಾರ. ಆ ಇಂಗ್ಲಿಷ್ ಪುಸ್ತಕವನ್ನು ಆರು ತಿಂಗಳು ಕೂತು, ಡಿಕ್ಷನರಿ ಇಟ್ಟುಕೊಂಡು, ಇನ್ನೂರು ಪುಟದ ನೋಟ್‌ಬುಕ್ಕಿಗೆ ಕನ್ನಡದಲ್ಲಿ ಇಳಿಸಿದ್ದ. ಮಲ್ಲಿಕಾರ್ಜುನಪ್ಪನಿಗೆ ಕಲ್ಯಾಣದುರ್ಗದ ಸ್ಕೂಲಿಗೆ ವರ್ಗವಾದಾಗ, ಅಲ್ಲೂ ಒಂದು ಗುಂಪು ಕಟ್ಟುವ ಹುಮ್ಮಸ್ಸಿನಲ್ಲಿ ಆ ನೋಟ್‌ಬುಕ್ಕನ್ನು ಬಸ್ಸಿನಲ್ಲಿ ಕೂತೇ ನಕಲು ಮಾಡಿಕೊಂಡ. ಪೆನುಕೊಂಡ ದಾಟಿದ ಮೇಲೆ ಬಸ್ಸು ಒಂದು ಗುಂಡಿಗೆ ಬಿತ್ತು. ಪೆನ್ನು ಹಾರಿತು. ಜೊತೆಗೆ ಒಂದು ಸಾಲೂ ಹಾರಿತು.

ಹಾರಿದ ಸಾಲು ಇದು: "ಪಾತ್ರದ ಜೀವ ಸೊನ್ನೆಗೆ ಇಳಿದರೆ ಆ ಪಾತ್ರ ಸತ್ತಂತೆ."

ಅಲ್ಲಿಂದ ಶುರುವಾಯಿತು ರಾದ್ಧಾಂತ. ಹಿಂದೂಪುರದಲ್ಲಿ ಸೊನ್ನೆ ಅಂದರೆ ಸಾವು. ಕಲ್ಯಾಣದುರ್ಗದಲ್ಲಿ ಸೊನ್ನೆ ಅಂದರೆ ಬರೀ ತಲೆಸುತ್ತು. ಪರಿಗಿಯ ಬೈಲಪ್ಪ ಆಡುತ್ತಿದ್ದ 'ಬೆಕ್ಕಿನಡಿ ಬಸವ' ಎಂಬ ಕಳ್ಳನ ಪಾತ್ರ ಜನವರಿಯಲ್ಲಿ ಇಲ್ಲಿ ಸತ್ತಿತು. ಎಲ್ಲರೂ ಕಣ್ಣು ಒರೆಸಿಕೊಂಡರು. ಬೈಲಪ್ಪ ಮುಂದಿನ ವಾರವೇ ಬಸ್ಸು ಹತ್ತಿ ಕಲ್ಯಾಣದುರ್ಗಕ್ಕೆ ಹೋಗಿ ಅದೇ ಬಸವನನ್ನು ಆಡಿಸಿ, ಒಂದು ಚೀಲ ವಜ್ರ ಕದ್ದು ವಾಪಸು ಬಂದ.

ಇದಕ್ಕೆ ಕೊನೆ ಬೇಡವೇ? ಎರಡೂ ಊರಿಗೂ ಒಂದೇ ನಿಯಮ ಬೇಡವೇ? ಮಲ್ಲಿಕಾರ್ಜುನಪ್ಪ ಅದಕ್ಕಾಗಿ ಎರಡು ಊರಿನಲ್ಲೂ ಭಾಷಣ ಮಾಡಿದ. 'ಏಳು ಕೋಟೆ'ಯ ಎರಡನೇ ಆವೃತ್ತಿ ಬಂದಿದೆಯಂತೆ, ನೂರು ಸುಧಾರಣೆಗಳಂತೆ. ಅದನ್ನೇ ತರಿಸೋಣ, ಅದಕ್ಕೇ ಎಲ್ಲರೂ ತಲೆಬಾಗೋಣ! ಎರಡು ರೂಪಾಯಿ ಸ್ಟಾಂಪ್ ಪೇಪರಿನ ಮೇಲೆ ಮೂರು ಕಲಮಿನ ಒಪ್ಪಂದವನ್ನು ತಾನೇ ಬರೆದ. ಒಂದು, ಎಲ್ಲರೂ ಸೇರುವ ತನಕ ಹೊಸ ಪುಸ್ತಕವನ್ನು ಯಾರೂ ಬಿಚ್ಚಕೂಡದು. ಎರಡು, ಗೊತ್ತಾದ ಭಾನುವಾರ ಮೂರು ಗಂಟೆಯೊಳಗೆ ಎಲ್ಲರೆದುರು ಬಿಚ್ಚತಕ್ಕದ್ದು, ತಪ್ಪಿದರೆ ಹಳೆಯದೇ ಶಾಶ್ವತ. ಮೂರು, ಬಿಚ್ಚಿದ ಮೇಲೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದಕ್ಷರ ಬಿಡದೆ ಪಾಲಿಸತಕ್ಕದ್ದು. ಈ ಮೂರನೆಯದು ಬೈಲಪ್ಪನಿಗೋಸ್ಕರವೇ ಹಾಕಿದ್ದು.

ಶನಿವಾರ ಸಂಜೆ ಬೆಂಗಳೂರಿನ ರೈಲಿನಲ್ಲಿ ಮಲ್ಲಿಕಾರ್ಜುನಪ್ಪನೇ ಪುಸ್ತಕ ತಂದ. ಭಾನುವಾರ ಹತ್ತು ಗಂಟೆಗೆ, ಪೇಪರು ಸುತ್ತಿ ದಾರ ಕಟ್ಟಿದ್ದ, ತಾನು ಬಿಚ್ಚಿಲ್ಲ ಅಂತ ಅವನು ಆಣೆ ಇಟ್ಟ ಆ ಕಟ್ಟನ್ನು ಎಲ್ಲರೆದುರು ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈಯನ್ನು ದೇವರ ಪಟದ ಮೊಳೆಗೆ ನೇತುಹಾಕಿದರು. ದೇವರ ಕಣ್ಣೆದುರು ಯಾರು ಮುಟ್ಟುತ್ತಾರೆ?

ಮುಟ್ಟಿದ್ದರು.

ಸರಸ್ವತಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತಳು. ಗೋದಾಮಿಗೆ ಅಂಟಿಕೊಂಡೇ ಅವಳ ಮನೆ, ಎರಡಕ್ಕೂ ಬೀದಿಗೆ ಒಂದೇ ಬಾಗಿಲು. ಎಲ್ಲರಿಗೂ ಊಟಕ್ಕೆ ಹಾಕಿ ಆಗಷ್ಟೇ ಪಾತ್ರೆ ತೊಳೆದಿದ್ದಳು. ಈ ಆಟವನ್ನು ಅವಳು ಒಂದು ದಿನವೂ ಆಡಿದವಳಲ್ಲ. ಅವಳ ಬಾಯಲ್ಲಿ ಅದು 'ಬೀಜದಾಟ'. ಆದರೆ ಇಪ್ಪತ್ತೈದು ವರ್ಷ ಹುಣಸೆಹಣ್ಣು ಕೊಂಡವಳು. ಮೂಟೆಯೊಳಗೆ ಕಲ್ಲಿಟ್ಟವರು, ನೀರು ಚಿಮುಕಿಸಿದವರು, ಬೀಜ ತುಂಬಿದವರು, ಎಲ್ಲರನ್ನೂ ಮೂಟೆ ಬಿಚ್ಚದೆ ಹಿಡಿದವಳು.

"ಏನ್ಲಾ ಪೋತ, ಹೆಣ ಕಂಡೋರಂಗೆ ನಿಂತಿದೀರಾ?"

"ಪುಸ್ತಕ ಕಳ್ಳತನ ಆಗ್ಬುಟ್ಟದೆ ಅಕ್ಕಾ."

"ಯಾರೂ ಅಲ್ಲಾಡ್ಬ್ಯಾಡಿ," ಅಂದಳು ಸರಸ್ವತಮ್ಮ. "ಬೀದಿ ಬಾಗ್ಲಾಗೆ ಕೂತು ನಾನೇ ಬಡಿಸಿದ್ದು. ನನ್ನ ದಾಟಿ ಯಾರೂ ಕಟ್ಟು ಹಿಡ್ಕೊಂಡು ಆಚೆಗೋಗಿಲ್ಲ. ಪುಸ್ತಕ ಇಲ್ಲೇ ಅದೆ. ಊಟದ ನಡುವೆ ಎದ್ದೋರು ಯಾರ್ಯಾರು?"

ನಾಲ್ವರೂ ಎದ್ದಿದ್ದರು.

"ಬೈಲಪ್ಪಾ, ನೀನು?"

"ಬೀಡಿ ಸೇದಾಕೆ ಕಣಕ್ಕ. ಒಳಅಂಗಳದಾಗೆ, ಗೋದಾಮಿನ ಜಗಲಿ ಮ್ಯಾಲೆ."

"ಒಳೀಕೆ ಹೋಗ್ಲಿಲ್ವಾ?"

"ಬೆಂಕಿಪೊಟ್ಣ ಒಳಗಿತ್ತು. ಹೋದೆ. ಬಂದೆ." ಬೈಲಪ್ಪ ಸುತ್ತ ನೋಡಿದ. "ಏನ್ರಪ್ಪಾ ಹಂಗ್ ನೋಡ್ತೀರಾ? ಆಟ್ದಾಗೆ ಕಳ್ಳ ಆದ್ರೆ ನಿಜವಾಗ್ಲೂ ಕಳ್ಳನಾ? ಈ ಮೇಷ್ಟ್ರು ಆಟ್ದಾಗೆ ಮಂತ್ರವಾದಿ. ಒಂದ್ ಬೀಡಿ ಹಚ್ಚೋ ಮಂತ್ರನಾದ್ರೂ ಬತ್ತದಾ ಕೇಳಿ!"

ಎಂದಿನಂತೆ ತಿರುಗಿಸಿ ಹೇಳುವ ಬದಲು ಮಲ್ಲಿಕಾರ್ಜುನಪ್ಪ ಗಡಿಯಾರದ ಕಡೆ ನೋಡಿದ.

"ಹೊಸ ಪುಸ್ತಕದಾಗೆ ಸೊನ್ನೆ ಅಂದ್ರೆ ಸಾವು ಅಂತಿದ್ರೆ ನಿನ್ ಬಸವ ಎರಡೂರಾಗೂ ಸತ್ತಂಗೆ," ಅಂದಳು ಸರಸ್ವತಮ್ಮ. "ನಿಂಗೆ ಕಾರಣ ಅದೆ."

"ಅದೆ. ಆದ್ರೆ ನಾನ್ ಕದ್ದಿದ್ರೆ ಟ್ರಂಕೂ ಸಿಗ್ತಿರ್ಲಿಲ್ಲ ಕಣಕ್ಕ!"

ಈ ವಾದ ಎಲ್ಲರಿಗೂ ಸರಿ ಅನ್ನಿಸಿತು.

"ಈರಕ್ಕಾ, ನೀನ್ಯಾಕೆ ಎದ್ದೆ?"

"ಬೀಜದ ಚೀಲ ಇಲ್ಲೇ ಮರ್ತಿದ್ದೆ," ಅಂದಳು ಈರಕ್ಕ. ಸೋಮಂದೇಪಲ್ಲಿಯ ಮಗ್ಗದ ಮನೆಗಳಿಗೆ ರೇಷ್ಮೆ ನೂಲು ಸುತ್ತಿಕೊಡುವವಳು. ಸೀರೆ ನೇಯ್ದವನಿಗೆ ಹೆಸರು, ಉಟ್ಟವಳಿಗೆ ಹೆಸರು, ನೂಲು ಸುತ್ತಿದವಳನ್ನು ಕೇಳುವವರಿಲ್ಲ. ಭಾನುವಾರ ಮಾತ್ರ ಅವಳು ನಾಗಮಲ್ಲಿ, ಏಳು ಕೋಟೆಯಲ್ಲೂ ಹೆಸರಾದ ಮೂಲಿಕೆ ವೈದ್ಯೆ. ಯಾರಿಗೆ ಏಟು ಬಿದ್ದರೂ ಎಲ್ಲರೂ ಅವಳ ಕೈ ನೋಡುತ್ತಾರೆ. ಅವಳು ಬೀಜ ಎಸೆಯುವ ತನಕ ಗೋದಾಮಿನಲ್ಲಿ ಉಸಿರು ಆಡುವುದಿಲ್ಲ.

"ನಾನ್ಯಾಕೆ ಕದೀಲಿ ಸರಸಕ್ಕ? ಬೆಳಿಗ್ಗೆಯಿಂದ ನಂಗೆ ಒಂದೇ ಯೋಚ್ನೆ. ಹೊಸ ಪುಸ್ತಕದಾಗೆ ನಾಗಮಲ್ಲಿ ಇರ್ತಾಳಾ, ಇಲ್ವಾ? ಬಿಚ್ಚಿ ನೋಡ್ದಿದ್ರೆ ನಂಗೆ ನಿದ್ದೆ ಬರಲ್ಲ. ಹಂಗಂತ ಬಿಚ್ಚಾಕೂ ಭಯ."

ಅವಳ ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ನೂಲು ಕುಯ್ದದ್ದು. ಬೆಳಿಗ್ಗೆ ಸರಸ್ವತಮ್ಮ ಎಲ್ಲರಿಗೂ ಮಜ್ಜಿಗೆ ಕೊಡುವಾಗ ಅದರ ಮಾತೇ ಬಂದಿತ್ತು. "ವೈದ್ಯಮ್ಮಂಗೇ ಗಾಯ!" ಅಂತ ಬೈಲಪ್ಪ ನಕ್ಕಿದ್ದ. "ಒಂದ್ ರಾತ್ರಿ ಮಲಗೆದ್ರೆ ಎಲ್ಲಾ ಗಾಯನೂ ವಾಸಿಯಾಗಂಗಿದ್ರೆ, ವೈದ್ಯರಿಗೆ ಏನಕ್ಕ ಕೆಲ್ಸ?" ಅಂದಿದ್ದ ಮಲ್ಲಿಕಾರ್ಜುನಪ್ಪ. ಅದಕ್ಕೂ ಎಲ್ಲರೂ ನಕ್ಕಿದ್ದರು.

"ಮೇಷ್ಟ್ರೇ, ನೀವು?"

"ಕನ್ನಡಕ," ಅಂದ ಮಲ್ಲಿಕಾರ್ಜುನಪ್ಪ. "ಇಲ್ಲೇ ಬಿಟ್ಟಿದ್ದೆ. ನಾನ್ಯಾಕಮ್ಮಾ ಕದೀಲಿ? ಹೊಸ ಪುಸ್ತಕ ಬೇಕು ಬೇಕು ಅಂತ ಬಡ್ಕೊಂಡೋನೇ ನಾನು. ತಂದೋನೂ ನಾನೇ. ನಾಕೇಂ ತೆಲುಸು? ನಂಗೇನ್ ಗೊತ್ತು?"

ಅವನಿಗೆ ಎದೆ ಹೊಡೆದುಕೊಂಡರೆ ತೆಲುಗು ಬರುತ್ತಿತ್ತು. ಆದರೆ ಕಲ್ಯಾಣದುರ್ಗದವರಿಗೆ ಖುಷಿಯಾದರೂ ತೆಲುಗು ಬರುತ್ತದೆ. ಇದರಿಂದ ಏನನ್ನೂ ಹೇಳಲಾಗದು.

"ಇನ್ನುಳ್ದೋನು ನೀನು ಕಣ್ಲಾ ಪೋತ."

"ನಾನಾ? ಅಕ್ಕಾ!"

"ಯಾಕೆ, ಅಕ್ಕನ್ ತಮ್ಮ ಆದ್ರೆ ವಿನಾಯ್ತಿನಾ? ಆರು ತಿಂಗ್ಳು ಕೂತು ಬರ್ದಿದೀಯ. ಇವತ್ತು ಹೊಸದು ಬಂದ್ರೆ ನಿನ್ ನೋಟ್‌ಬುಕ್ಕು ಬೋಂಡಾ ಕಟ್ಟಾಕೆ ಹೋಯ್ತದೆ. ಕಳ್ಳತನ ಆಗ್ಬುಟ್ಟದೆ ಅಂದಾಗ ನಿನ್ ಮುಖದಾಗೆ ಅರ್ಧ ಇಡ್ಲಿಯಷ್ಟು ನಗೆ ಇತ್ತು. ಎದ್ದಿದ್ಯಾಕೆ?"

"ನಮ್ಮ ಮೇಕೆ ಗೋದಾಮಿಗೆ ನುಗ್ಗಿತ್ತು. ಓಡ್ಸಾಕೆ ಹೋದೆ." ಎಂಟು ವರ್ಷ ಎಲ್ಲರನ್ನೂ 'ಏನ್ ಮಾಡ್ತೀರಾ?' ಅಂತ ಕೇಳಿದವನಿಗೆ, ಉತ್ತರ ಹೇಳುವ ಕಡೆ ಕೂತರೆ ಎಷ್ಟು ಕಷ್ಟ ಅನ್ನುವುದು ಈಗ ಗೊತ್ತಾಯಿತು.

ಗಡಿಯಾರ ಎರಡೂ ಇಪ್ಪತ್ತೈದು ತೋರಿಸಿತು.

ಚೀಲ ನೋಡಿದರು, ಚಾಪೆ ಎತ್ತಿದರು. ಇಲ್ಲ. ಇನ್ನು ಮೂಟೆಗಳು. ಹಿಂದಿನ ಸಾಲುಗಳು ತಗಡಿನ ಸೂರಿನ ತನಕ ಏರಿದ್ದವು. ಅವಕ್ಕೆ ಬಾಯಿ ಹೊಲಿದಾಗಿತ್ತು. ಮುಂದೆ ನಿಲ್ಲಿಸಿದ್ದ ಹನ್ನೊಂದು ಮೂಟೆಗಳಿಗೆ ಮಾತ್ರ ಬಾಯಿ ಮಡಚಿ ಬಿಟ್ಟಿದ್ದರು. ಸೋಮವಾರ ಲಾರಿ ಬಂದಾಗ ಹೊಲಿಯುವುದು ವಾಡಿಕೆ.

"ಸುರಿದು ನೋಡಾಣ," ಅಂದ ಬೈಲಪ್ಪ.

"ಸುರೀರಿ. ತುಳಿದು ತುಂಬಿರೋ ಹಣ್ಣು, ಮೂಟೆಗೆ ಅರ್ಧ ಗಂಟೆ. ನಿಮ್ಮ ಮೂರು ಗಂಟೆ ನಾಳೆ ಬತ್ತದೆ," ಅಂದಳು ಸರಸ್ವತಮ್ಮ. "ಪೋತ, ಕಾಟಾ ಎಳಿ. ಒಂದೊಂದಾಗಿ ತೂಗು."

"ತೂಕ ನಿನ್ನೆ ಸಂಜೆನೇ ನೋಡಿದ್ವಲ್ಲ ಅಕ್ಕ. ಮೂಟೆ ಮ್ಯಾಲೆ ಸೀಮೆಸುಣ್ಣದಾಗೆ ಬರ್ದಿದೀನಿ."

"ಅದಕ್ಕೇ ತೂಗು."

ಬೈಲಪ್ಪ ಎತ್ತಿದ, ಪೋತಪ್ಪ ತೂಗಿದ. ಮೊದಲನೇ ಮೂಟೆ ಮುನ್ನೂರು ಗ್ರಾಂ ಇಳಿದಿತ್ತು. ಎರಡನೆಯದು ಇನ್ನೂರೈವತ್ತು. ಮೂರನೆಯದು, ನಾಲ್ಕನೆಯದು, ಎಲ್ಲ ಇಳಿಕೆಯೇ. ಮಾರ್ಚಿ ಬಿಸಿಲು, ತಗಡಿನ ಸೂರು. ಹೊಸ ಹಣ್ಣಿನ ಪಸೆ ಕೂತಲ್ಲೇ ಆರುತ್ತದೆ. ಈರಕ್ಕ ಗಡಿಯಾರದ ಕೆಳಗೆ ನಿಂತು ಬೀಜದ ಚೀಲವನ್ನು ಹಿಂಡುತ್ತಿದ್ದಳು. ಮಲ್ಲಿಕಾರ್ಜುನಪ್ಪ ಮತ್ತೆ ಕನ್ನಡಕ ಒರೆಸಿದ.

ಒಂಬತ್ತನೇ ಮೂಟೆ.

"ಅಕ್ಕಾ!" ಪೋತಪ್ಪ ಕೂಗಿದ. "ಇದು ಏರಿದೆ! ಬರ್ದಿರೋದು ನಲವತ್ತೂವರೆ, ಈಗ ನಲವತ್ತೊಂದು ಮುನ್ನೂರು! ಅದೃಷ್ಟ ಅಂದ್ರೆ—"

"ಒಣಗೋ ಕಾಲ್ದಾಗೆ ಹುಣಸೆಹಣ್ಣು ಏರಲ್ಲ ಕಣ್ಲಾ ದಡ್ಡ. ಕೈ ಹಾಕು."

ಮೊಳಕೈ ತನಕ ಹೋದ ಪೋತಪ್ಪನ ಕೈ ಅಂಟಂಟಾಗಿ ಹೊರಗೆ ಬಂತು, ಪೇಪರು ಸುತ್ತಿದ ಕಟ್ಟಿನ ಸಮೇತ. ಗಂಟೆ ಎರಡೂ ಐವತ್ತು.

"ಬಿಚ್ಚು," ಅಂದಳು.

ಎಲ್ಲರೆದುರು ದಾರ ಬಿಚ್ಚಿದ. ಹೊಳೆಯುವ ರಟ್ಟು, ಹೊಸ ಬಣ್ಣದ ವಾಸನೆ, ಮೇಲೆ ಹುಣಸೆಯ ಘಮ. ಪುಸ್ತಕ ತಾನಾಗಿಯೇ ಒಂದು ಕಡೆ ತೆರೆದುಕೊಂಡಿತು. ಆ ಪುಟದ ಮೂಲೆ ಮಡಚಿತ್ತು.

"ಓದು. ಏನ್ ಬರ್ದದೆ ಅಲ್ಲಿ?"

ಪೋತಪ್ಪ ಇಂಗ್ಲಿಷಿನ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಹೇಳುತ್ತಾ ಹೋದ. "ಒಂದು ರಾತ್ರಿ ವಿಶ್ರಾಂತಿ ತಗೊಂಡ್ರೆ... ಎಂಥಾ ಗಾಯ ಆದ್ರೂ ಪೂರ್ತಿ ವಾಸಿ. ಆದ್ರಿಂದ..." ನಿಲ್ಲಿಸಿದ.

"ಆದ್ರಿಂದ?" ಅಂದಳು ಈರಕ್ಕ.

"ಆದ್ರಿಂದ ವೈದ್ಯರ ಪಾತ್ರವನ್ನ ಈ ಆವೃತ್ತಿಯಿಂದ ತೆಗೆದಿದೀವಿ."

ಯಾರೂ ಈರಕ್ಕನ ಕಡೆ ನೋಡಲಿಲ್ಲ. ಸರಸ್ವತಮ್ಮ ಮಾತ್ರ ಮಲ್ಲಿಕಾರ್ಜುನಪ್ಪನ ಕಡೆ ನೋಡಿದಳು.

"ಮೇಷ್ಟ್ರೇ, ಕಟ್ಟು ಬಿಚ್ಚಿಲ್ಲ ಅಂತ ಬೆಳಿಗ್ಗೆ ಆಣೆ ಇಟ್ರಲ್ಲ?"

"ಇಟ್ಟೆ. ಮೂಲೆ ಅಂಗಡಿಯೋನು ಮಡಚಿರ್ತಾನೆ."

"ಇರ್ಬೋದು. ಆದ್ರೆ ನಾನ್ ಮಜ್ಜಿಗೆ ಕೊಡ್ವಾಗ ಈರಕ್ಕಂಗೆ ಏನಂದ್ರಿ? ಒಂದ್ ರಾತ್ರಿ ಮಲಗೆದ್ರೆ ಎಲ್ಲಾ ಗಾಯನೂ ವಾಸಿಯಾಗಂಗಿದ್ರೆ ವೈದ್ಯರಿಗೆ ಏನ್ ಕೆಲ್ಸ, ಅಂತ. ಹಳೇ ಆಟದಾಗೆ ಆ ಮಾತಿಲ್ಲ. ಎಂಟ್ ವರ್ಷದಿಂದ ಈ ಗೋದಾಮಿನಾಗೆ ಯಾರೂ ಮಲಗೆದ್ದು ವಾಸಿಯಾಗಿಲ್ಲ. ಎಲ್ಲಾರೂ ನಾಗಮಲ್ಲಿ ನಾಗಮಲ್ಲಿ ಅಂತ ಬಡ್ಕೊಳ್ಳೋದು ನನ್ ಅಡಿಗೆಮನೆ ತನಕ ಕೇಳ್ತದೆ. ಪುಸ್ತಕ ಈಗ ಬಿಚ್ಚಿದ್ದು. ಅದರೊಳಗಿನ ಮಾತು ನಿಮ್ಮ ಬಾಯಿಗೆ ಹತ್ತು ಗಂಟೆಗೇ ಹೆಂಗ್ ಬಂತು? ಅಂದ್ಮೇಲೆ ಎಲ್ಲಾರೂ ನಕ್ರು. ನೀವು ನಗ್ಲಿಲ್ಲ."

ಮಲ್ಲಿಕಾರ್ಜುನಪ್ಪ ಒಂದು ಮೂಟೆಯ ಮೇಲೆ ಕೂತುಬಿಟ್ಟ.

"ಅಯ್ಯಿಪೋಯಿಂದಿ, ಮುಗೀತು," ಅಂದ. "ರೈಲಿನಲ್ಲೇ ಬಿಚ್ಚಿದೆನಮ್ಮಾ. ಗೌರಿಬಿದನೂರು ಬರೋ ತನಕ ತಡ್ಕೊಂಡೆ, ಆಮೇಲೆ ಆಗ್ಲಿಲ್ಲ. ನನ್ ಮಂತ್ರವಾದಿ ಅಗ್ನಿಶರ್ಮಂಗೆ ಏನೇನ್ ಹೊಸ ಮಂತ್ರ ಕೊಟ್ಟಿದಾರೆ ಅಂತ ನೋಡಾಕೆ. ಹನ್ನೆರಡು ಕೊಟ್ಟಿದಾರೆ! ಖುಷಿಯಾಗಿ ಪುಟ ತಿರುವಿದೆ... ನೋಡಿದ್ರೆ ನಾಗಮಲ್ಲಿನೇ ಇಲ್ಲ."

"ಆಮೇಲೆ?"

"ಆಮೇಲೇನು! ಎರಡೂರಾಗೂ ಮೈಕಿಲ್ದೆ ಭಾಷಣ ಮಾಡಿದೋನು ನಾನು. ಈಗ ಬೇಡ ಅಂತ ಯಾವ್ ಮುಖ ಇಟ್ಕೊಂಡು ಹೇಳ್ಲಿ? ಬೇಕು ಅಂತ ಈರಕ್ಕನ ಎದುರಿಗೆ ಯಾವ್ ಬಾಯಾಗೆ ಓದ್ಲಿ? ಮೂರು ಗಂಟೆ ದಾಟಿದ್ರೆ ಹಳೇದೇ ಶಾಶ್ವತ ಆಯ್ತಿತ್ತು. ಸಾಯಂಕಾಲ ಮೂಟೆಯಿಂದ ತಗೊಂಡು ಹೊಂಟೋಗ್ಬಿಡ್ತಿದ್ದೆ. ಏಳು ಸಲ ಬದುಕ್ಸಿದಾಳೆ ನಮ್ಮ ಅಗ್ನಿಶರ್ಮನ್ನ, ಏಳು ಸಲ!"

"ಎಂಟು," ಅಂದಳು ಈರಕ್ಕ. "ಜೇನು ಕಚ್ಚಿದ್ದು ಮರ್ತ್ರಿ."

ಅವಳು ಬೀಜದ ಚೀಲದ ಬಾಯಿಯನ್ನು ಬಿಗಿಯಾಗಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿದಳು. "ಹೋಗ್ಲಿ ಬಿಡಿ ಮೇಷ್ಟ್ರೇ. ನಂಗೋಸ್ಕರ ಕಳ್ಳತನ ಮಾಡಿದೋರು ಇದುವರ್ಗೂ ಯಾರೂ ಇರ್ಲಿಲ್ಲ. ಅಷ್ಟೇ ಸಾಕು. ಪುಸ್ತಕ ಟೈಮಿಗೆ ಬಿಚ್ಚಿದೀರಿ, ಒಪ್ಪಂದ ಅಂದ್ರೆ ಒಪ್ಪಂದ. ಸೋಮಂದೇಪಲ್ಲಿ ಬಸ್ಸಿಗೆ ಹೊತ್ತಾಯ್ತು, ಬತ್ತೀನಿ."

ಪೋತಪ್ಪನಿಗೆ ಏನೋ ಹೇಳಬೇಕೆನಿಸಿತು. ಸೂತ್ರಧಾರನಾದವನು ಇಂಥ ಹೊತ್ತಿಗೆ ಒಂದು ಬಾಗಿಲು ತೆರೆಯಬೇಕು, ಒಂದು ದಾರಿ ತೋರಿಸಬೇಕು. ಕೈಯಲ್ಲಿದ್ದ ಪುಸ್ತಕ ಎಲ್ಲ ಬಾಗಿಲನ್ನೂ ಮುಚ್ಚಿತ್ತು.

"ಕೂತ್ಕೋ ಈರಕ್ಕ," ಅಂದಳು ಸರಸ್ವತಮ್ಮ. "ಪೋತ, ಆ ಒಪ್ಪಂದದಾಗೆ ಮೂರನೇದು ಏನು?"

"ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದಕ್ಷರ ಬಿಡದೆ ಪಾಲಿಸತಕ್ಕದ್ದು."

"ಮತ್ತೆ ನೀವ್ಯಾಕೆ ನಡುವಿಂದ ಓದ್ತೀರಾ? ಮೊದಲ್ನೇ ಪುಟ ಓದು. ನಾನು ಯಾವ ಮೂಟೆನೂ ನಡುವಿಂದ ನೋಡಿ ಬೆಲೆ ಕಟ್ಟೋಳಲ್ಲ."

"ಅದು ಮುನ್ನುಡಿ ಅಕ್ಕಾ. ಮುನ್ನುಡಿ ಯಾರ್ ಓದ್ತಾರೆ?"

"ಓದು ಅಂದೆ."

ಪೋತಪ್ಪ ಓದಿದ. ಮೊದಲು ತೊದಲಿದ. ಆಮೇಲೆ ದನಿ ಏರಿತು. ಪುಸ್ತಕ ಬರೆದ ಪುಣ್ಯಾತ್ಮರು ಹೀಗೆ ಹೇಳಿದ್ದರು: "ಮುಂದಿನ ಪುಟಗಳಲ್ಲಿ ಇರುವುದು ಸಲಹೆ ಮಾತ್ರ. ಹಳೆಯ ಆಟದಿಂದ ನಿಮಗೆ ಪ್ರಿಯವಾದದ್ದು ಏನೇ ಇದ್ದರೂ ನಮ್ಮ ಮಾತು ಕೇಳಿ ಅದನ್ನು ಹೊರಗೆ ಹಾಕಬೇಡಿ. ಇಟ್ಟುಕೊಳ್ಳಿ."

ಬಾಗಿಲತ್ತ ಹೊರಟಿದ್ದ ಈರಕ್ಕ ತಿರುಗಿ ನಿಂತಳು.

"ಆದ್ರೆ... ಮುನ್ನುಡಿ ನಿಯಮ ಅಲ್ವಲ್ಲ," ಅಂದ ಮಲ್ಲಿಕಾರ್ಜುನಪ್ಪ, ಅಭ್ಯಾಸಬಲದಿಂದ.

"ಒಂದಕ್ಷರ ಬಿಡದೆ!" ಕೂಗಿದ ಬೈಲಪ್ಪ. "ಯಾರ್ ಬರ್ದಿದ್ದು ಮೇಷ್ಟ್ರೇ? ನನ್ ಮ್ಯಾಲೆ ಕಣ್ಣಿಟ್ಟು ಬರ್ದಿದ್ದು!"

ಮಲ್ಲಿಕಾರ್ಜುನಪ್ಪ ಸ್ಟಾಂಪ್ ಪೇಪರನ್ನು ನೋಡಿದ. ಅವನದೇ ಅಕ್ಷರ, ಅವನದೇ ರುಜು. ಅವನ ಮುಖದ ಮೇಲೆ ಬೆಳಗಿನಿಂದ ಇಲ್ಲದ ನಗೆ ಮೆಲ್ಲಗೆ ಬಂತು. "ರೈಲಿನಲ್ಲಿ ಮೊದಲ್ನೇ ಪುಟಕ್ಕೆ ತಿರುವಿದ್ರೆ ಸಾಕಾಗಿತ್ತು," ಅಂದ. "ಸುಮ್ನೆ ಕಳ್ಳ ಆದೆ."

"ಅದೂ ಕೆಟ್ಟ ಕಳ್ಳ," ಅಂದ ಬೈಲಪ್ಪ.

ಈರಕ್ಕ ಸೊಂಟದ ಚೀಲ ತೆಗೆದು ಚಾಪೆಯ ಮೇಲೆ ಕೂತಳು. ಗಂಟು ಬಿಚ್ಚಲು ಬೆರಳಿನ ಬಟ್ಟೆ ಅಡ್ಡ ಬಂತು. ಮಲ್ಲಿಕಾರ್ಜುನಪ್ಪನೇ ಬಗ್ಗಿ ಬಿಚ್ಚಿಕೊಟ್ಟ.

ಅಷ್ಟರಲ್ಲಿ ಪೋತಪ್ಪನಿಗೆ ಇನ್ನೊಂದು ವಿಷಯ ಹೊಳೆಯಿತು. ನಾಗಮಲ್ಲಿಯನ್ನು ಇಟ್ಟುಕೊಳ್ಳಬಹುದಾದರೆ, ಹಿಂದೂಪುರದವರು ತಮ್ಮ ಸೊನ್ನೆಯನ್ನೂ ಇಟ್ಟುಕೊಳ್ಳಬಹುದು. ಕಲ್ಯಾಣದುರ್ಗದವರು ತಮ್ಮ ಸೊನ್ನೆಯನ್ನೂ ಇಟ್ಟುಕೊಳ್ಳಬಹುದು. ಅಲ್ಲಿಗೆ ಎರಡು ಊರು ಒಂದೇ ನಿಯಮ ಎಂಬ ಮಹಾ ಒಪ್ಪಂದ, ಮೂರು ಗಂಟೆ ಹೊಡೆಯುವ ಮೊದಲೇ, ತನ್ನದೇ ಮೂರನೇ ಕಲಮಿಗೆ ಸಿಕ್ಕಿ ಸತ್ತಿತ್ತು.

ಬೈಲಪ್ಪ ಅದನ್ನು ಅವನಿಗಿಂತ ಮೊದಲೇ ಲೆಕ್ಕ ಹಾಕಿ, ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದು ನಿಂತಿದ್ದ.

"ಎಲ್ಲಿಗ್ಲಾ?" ಅಂದಳು ಸರಸ್ವತಮ್ಮ.

"ಕಲ್ಯಾಣದುರ್ಗದ ಬಸ್ಸು ಎಷ್ಟೊತ್ತಿಗೆ ಅಂತ ಕೇಳ್ಕೊಂಡ್ ಬತ್ತೀನಿ ಕಣಕ್ಕ."